ಬಕೆಟ್ ಹಿಡಿಯುವವರು ಬೇಕಾಗಿದ್ದಾರೆ

ನಮ್ಮಮ್ಮನ ಮಂಚದಿಂದ ಬಚ್ಚಲಿಗೆ 11 ಅಡಿ. ಟೇಪು ಹಿಡಿದು ಅಳೆದಿದ್ದೇನೆ. ನಿವೃತ್ತ ಮೇಷ್ಟ್ರಿಗೆ ಇಂಥ ಕೆಲಸಕ್ಕೆ ಪುರುಸೊತ್ತು ಜಾಸ್ತಿ.

ಮಂಚದ ಪಕ್ಕ ಕಮೋಡ್ ಕುರ್ಚಿ, ಕುರ್ಚಿಯ ಕೆಳಗೆ ನೀಲಿ ಬಕೆಟ್ಟು. ಅದು ಬೆಳಗ್ಗೆ ಆರೂವರೆಗೆ ತುಂಬುತ್ತದೆ. ಒಂಬತ್ತರ ಹೊತ್ತಿಗೆ ಅಮ್ಮನ ಹೆಸರಿನಲ್ಲಿ ನಮ್ಮ ಮನೆಯೊಳಗೆ ನಾಲ್ಕು ಜನ ಓಡಾಡುತ್ತಿರುತ್ತಾರೆ. ಬಕೆಟ್ಟು ಮಾತ್ರ ಇದ್ದಲ್ಲೇ ಇರುತ್ತದೆ.

ಸಿಸ್ಟರ್ ಹೇಳುತ್ತಾರೆ: "ಸರ್, ನಾನು ಜಿಎನ್‌ಎಂ ಓದಿರೋದು. ಡ್ರೆಸಿಂಗು, ಇಂಜೆಕ್ಷನ್ನು, ಕ್ಯಾತಿಟರು ನಂದು. ಇದು ಅಟೆಂಡರ್ ಕೆಲಸ."

ಅಟೆಂಡರ್ ಹೆಣ್ಣುಮಗಳು ಹೇಳುತ್ತಾಳೆ: "ಅಜ್ಜೀನ ಎತ್ತಿ ಕೂರಿಸ್ತೀನಿ, ಒರೆಸ್ತೀನಿ, ಬಟ್ಟೆ ಬದಲಾಯಿಸ್ತೀನಿ ಮೇಷ್ಟ್ರೆ. ಬಕೆಟ್ಟು ಬಾತ್‌ರೂಮ್ ಸಾಮಾನು. ಬಾತ್‌ರೂಮ್ ತೊಳೆಯೋಳು ಅವಳಲ್ವಾ?"

ಪಾತ್ರೆ ತೊಳೆಯುತ್ತಿದ್ದ ಅವಳು ತಲೆ ಎತ್ತದೆ ಹೇಳುತ್ತಾಳೆ: "ಪೇಷೆಂಟ್ ವಿಷ್ಯಕ್ಕೆ ಕೈ ಹಾಕಲ್ಲ ಅಂತ ಅಕ್ಕಂಗೆ ಅವತ್ತೇ ಹೇಳಿದ್ದೆ ಕಣಣ್ಣ."

ಫಿಸಿಯೋಥೆರಪಿ ಹುಡುಗ ಏನೂ ಹೇಳುವುದಿಲ್ಲ, ಒಳ್ಳೆಯ ಮನೆತನದವನು. ತಾನು ನಿಂತುಕೊಳ್ಳಲು ಜಾಗ ಸಾಲದೆಂದು ಬಕೆಟ್ಟನ್ನು ಕಾಲಿನಿಂದ ಅರ್ಧ ಅಡಿ ಸರಿಸುತ್ತಾನೆ. ವೃತ್ತಿಪರ ಸೇವೆಯ ನೆರವಿನಿಂದ ಬಕೆಟ್ಟು ದಿನಕ್ಕೆ ಕ್ರಮಿಸುವ ದೂರ ಅಷ್ಟೇ, ಅರ್ಧ ಅಡಿ. ಉಳಿದ ಹತ್ತೂವರೆ ಅಡಿ ನನ್ನ ಹೆಂಡತಿಯದು.

ಹಾಗೆ ನೋಡಿದರೆ ಹಾಸನ ಜಿಲ್ಲೆಯಲ್ಲಿ ಬಕೆಟ್ ಹಿಡಿಯುವವರಿಗೆ ಯಾವ ಕಾಲದಲ್ಲೂ ಬರ ಬಂದಿದ್ದಿಲ್ಲ. ಚುನಾವಣೆ ಹತ್ತಿರ ಬಂದರಂತೂ ಒಂದೊಂದು ಬಕೆಟ್ಟಿಗೆ ಹತ್ತು ಕೈ. ಯಾರ ಮನೆ ಬಾಗಿಲಲ್ಲಿ ಎಂದು ನಾನು ಹೇಳುವುದಿಲ್ಲ, ಜಿಲ್ಲೆಯವರಿಗೆ ದಾರಿ ಗೊತ್ತು. ಅಷ್ಟು ಜನ ಇದ್ದೂ ಚನ್ನರಾಯಪಟ್ಟಣದಂಥ ಊರಿನಲ್ಲಿ ನಿಜವಾದ ಬಕೆಟ್ಟು ಎತ್ತಲು ಆಳು ಸಿಗುತ್ತಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ?

ಅಮ್ಮನಿಗೆ 83. ಕಳೆದ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯಿತು, ಆರು ದಿನ ಇಟ್ಟುಕೊಂಡರು, ಕಳಿಸಿದರು. ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ."

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಆ ವಾಕ್ಯದ ಅಪಾಯ ಆಗಲೇ ತಿಳಿಯಬೇಕಿತ್ತು. 'ನೋಡಿಕೊಳ್ಳಿ' ವಿಧ್ಯರ್ಥಕ, ಮಧ್ಯಮಪುರುಷ, ಬಹುವಚನ. ಕರ್ತೃಪದ ಲೋಪ. ಡಾಕ್ಟರು ಆ ಮಾತು ಹೇಳಿದ್ದು ನನ್ನ ಮುಖ ನೋಡಿಕೊಂಡು. ನಾನು, ನನ್ನ ತಮ್ಮ, ನನ್ನ ಅಕ್ಕ ಮೂವರೂ ತಿರುಗಿ ನೋಡಿದ್ದು ನನ್ನ ಹೆಂಡತಿಯ ಮುಖವನ್ನು. ಬಹುವಚನ ಏಕವಚನವಾಗಲು ಎಷ್ಟು ಹೊತ್ತು ಬೇಕು? ವಾರ್ಡಿನ ಬಾಗಿಲಿನಿಂದ ಲಿಫ್ಟಿನವರೆಗೆ ನಡೆಯುವಷ್ಟು.

ಮನೆಗೆ ಬಂದ ವಾರದೊಳಗೆ ತಮ್ಮ ಏಜೆನ್ಸಿಯೊಂದನ್ನು ಗೊತ್ತುಮಾಡಿದ. ಬಿ.ಎಂ. ರಸ್ತೆಯಲ್ಲಿ, ಕೊಬ್ಬರಿ ಅಂಗಡಿಯ ಮಾಳಿಗೆ ಮೇಲೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ತುಂಬ ಬಿಳಿಕೂದಲ ದಂಪತಿಗಳು ನಗುತ್ತಿರುವ ಚಿತ್ರ. ನಮ್ಮ ಕಡೆಯ ಮುದುಕರಲ್ಲ ಅವರು, ಹಲ್ಲು ಪೂರ್ತಿ ಇತ್ತು. ನೋಂದಣಿ ಶುಲ್ಕ 3,000, ಅದು ವಾಪಸ್ ಇಲ್ಲ. ತಿಂಗಳಿಗೆ 24,000, ಅದು ಮುಂಗಡ. "ಹೋಮ್ ನರ್ಸ್ ಕೊಡ್ತೀವಿ" ಎಂದ ಮೇಜಿನ ಹಿಂದಿನ ಯುವಕ.

ಹೋಮ್ ನರ್ಸ್ ಎಂದರೆ ನರ್ಸ್ ಅಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ನರ್ಸ್ ಆಗಬೇಕಾದರೆ ಎಎನ್‌ಎಂಗೆ ಎರಡು ವರ್ಷ, ಜಿಎನ್‌ಎಂಗೆ ಮೂರು, ಬಿಎಸ್ಸಿ ನರ್ಸಿಂಗಿಗೆ ನಾಲ್ಕು ವರ್ಷ ಓದಬೇಕು, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ಬರೆಸಬೇಕು. ನಮಗೆ ಸಿಕ್ಕಿದ ಅಟೆಂಡರ್ ಹೆಣ್ಣುಮಗಳು ಅರಕಲಗೂಡು ತಾಲ್ಲೂಕಿನ ಹಳ್ಳಿಯವಳು. ಹೋದ ಸೀಸನ್ನಿನವರೆಗೆ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆ ಕಟ್ಟುತ್ತಿದ್ದಳು. ಮೂರು ದಿನ ತರಬೇತಿ ಕೊಟ್ಟು ಕೊರಳಿಗೆ ಗುರುತಿನ ಚೀಟಿ ಹಾಕಿ ಕಳಿಸಿದ್ದರು. ಚೀಟಿಯಲ್ಲಿ 'ಪೇಷೆಂಟ್ ಕೇರ್ ಅಸೋಸಿಯೇಟ್' ಎಂದಿತ್ತು. ಅದನ್ನು ಓದಲು ಅವಳಿಗೂ ಬರುತ್ತಿರಲಿಲ್ಲ, ಅಮ್ಮನಿಗೂ ಬರುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಚೆನ್ನಾಗಿ ಹೊಂದಿಕೊಂಡರು. ಕೊಟ್ಟ 24,000ದಲ್ಲಿ ಅವಳ ಕೈಗೆ ಬರುವುದು 15,000 ಎಂದು ಒಂದು ಮಧ್ಯಾಹ್ನ ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದಳು. ಮಿಕ್ಕ 9,000 ರೂಪಾಯಿ ಯಾವ ಕಾಲು ತಿಕ್ಕುತ್ತದೆಂದು ನಾನು ಯೋಚಿಸುತ್ತ ಕೂತೆ. ಅವಳಿಗೂ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಊರಲ್ಲಿ. ಯಾರು ನೋಡಿಕೊಳ್ಳುತ್ತಾರೆ ಎಂದರೆ, "ಮಗಳವಳೆ, ಏಳ್ನೇ ಕ್ಲಾಸು" ಎಂದಳು.

ಬಕೆಟ್ಟಿನ ವಿವಾದ ಮೂರನೇ ವಾರಕ್ಕೆ ಬಂದಾಗ ನಾನು ಮಾಳಿಗೆ ಹತ್ತಿದೆ. "ಜವಾಬ್ದಾರಿ ಯಾರದು ಅಂತ ಒಂದು ಕಡೆ ಬರೆದುಕೊಡಿ" ಎಂದೆ. ಯುವಕ ನಾನೇ ಸಹಿ ಹಾಕಿದ್ದ ಕಾಗದ ತೆಗೆದು ತೋರಿಸಿದ. ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಹನ್ನೆರಡು ಷರತ್ತು. ತಾತ್ಪರ್ಯ ಇಷ್ಟು: ಕಂಪನಿಯು ಪರಿಚಯ ಮಾಡಿಕೊಡುವ ಮಧ್ಯವರ್ತಿ ಮಾತ್ರ. ಕೆಲಸ ಮಾಡುವಾಕೆ ಸ್ವತಂತ್ರಳು. ಬಿದ್ದರೆ, ಒಡೆದರೆ, ಕಳೆದರೆ, ಕದ್ದರೆ, ಸತ್ತರೆ ಕಂಪನಿ ಹೊಣೆಯಲ್ಲ. ಇದಕ್ಕಿಂತ ನಮ್ಮ ಹಳೇಕಾಲದ ಮದುವೆ ದಲ್ಲಾಳಿಗಳು ವಾಸಿ. ಗಂಡಿಗೆ ಮೂರ್ಛೆರೋಗ ಇದೆಯೆಂದು ಗೊತ್ತಾದರೆ ಅವರು ಕೊನೇ ಪಕ್ಷ ಆರು ತಿಂಗಳು ಊರ ಕಡೆ ತಲೆ ಹಾಕುತ್ತಿರಲಿಲ್ಲ.

"ಕ್ಲಿನಿಕ್ಕಿನವರು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಗೆ ಹಾಕಿರ್ತಾರೆ. ನಿಮ್ಮದೆಲ್ಲಿ?" ಎಂದೆ. ಯುವಕ ಬೇಸರಿಸದೆ ಗೋಡೆಯ ಕ್ಯಾಲೆಂಡರ್ ಸರಿಸಿ ಅದರ ಹಿಂದಿದ್ದ ಫ್ರೇಮು ತೋರಿಸಿದ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಸರಿಯೇ. ಕೆಳಗಡೆ ಕೊಬ್ಬರಿ ಅಂಗಡಿ, ಮೇಲುಗಡೆ ಅಮ್ಮನ ಅಂಗಡಿ. ಒಂದು ವ್ಯತ್ಯಾಸ: ಕೊಬ್ಬರಿ ಕೊಳೆತರೆ ಕೆಳಗಿನವನು ವಾಪಸ್ ತಗೊಳ್ಳುತ್ತಾನೆ.

ದೆಹಲಿಯವರಿಗೆ ಇದು ಹೊಳೆದಿರಲಿಲ್ಲ ಎನ್ನಬೇಡಿ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯನ್ನು ತಿದ್ದಲು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಒಂದು ಮಸೂದೆ ಬಂತು. ಹಿರಿಯರಿಗೆ ಮನೆಯಲ್ಲೇ ಆರೈಕೆ ಒದಗಿಸುವ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ ವರದಿ ಕೊಟ್ಟಿತು. ಆಮೇಲೆ ಮಸೂದೆಯನ್ನು ಯಾರೂ ಮಗ್ಗುಲು ಬದಲಿಸಿ ಮಲಗಿಸಲಿಲ್ಲ. 2024ರಲ್ಲಿ 17ನೆಯ ಲೋಕಸಭೆ ಮುಗಿಯಿತು, ಮಸೂದೆಯೂ ಜೊತೆಗೇ ಹೋಯಿತು. ನಾಲ್ಕೂವರೆ ವರ್ಷ ಹಾಸಿಗೆ ಹಿಡಿದು, ಬೆನ್ನುಹುಣ್ಣಾಗಿ, ಮನೆಯಲ್ಲೇ.

ಅದೇ ಮಸೂದೆಯಲ್ಲಿ ಇನ್ನೊಂದು ತಮಾಷೆ ಇತ್ತು. 2007ರ ಮೂಲ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಇಲ್ಲ. ಅಳಿಯನೂ ಇಲ್ಲ, ಆದರೆ ಅವನು ಇಲ್ಲದಿರುವುದು ಯಾರಿಗೂ ಗೊತ್ತಾಗುವುದಿಲ್ಲ ಬಿಡಿ. ತಿದ್ದುಪಡಿ ಮಸೂದೆ ಸೊಸೆ ಅಳಿಯಂದಿರನ್ನೂ ಪಟ್ಟಿಗೆ ಸೇರಿಸಲು ಹೊರಟಿತ್ತು. ಯಾಕೆ? ಅತ್ತೆಯನ್ನು ನೋಡಿಕೊಂಡದ್ದಕ್ಕೆ ಹಾರ ಹಾಕಲು ಅಂದುಕೊಂಡಿರೇನೋ. ನೋಡಿಕೊಳ್ಳದಿದ್ದರೆ ಅವಳನ್ನೂ ಕಟಕಟೆಗೆ ಕರೆಯಲು. ಕಾನೂನು ಹಾಗೇ ಇರುವಷ್ಟು ಕಾಲ ಅವಳು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬಂದ ದಿನ ಆರೋಪಿ.

ಉಳಿದಂತೆ ನಮ್ಮ ರಾಜ್ಯದಲ್ಲಿ ಸೊಸೆಯ ಬಗ್ಗೆ ಚರ್ಚೆಯೇ ಆಗಿಲ್ಲ ಎನ್ನುವಂತಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ 2,000 ರೂಪಾಯಿ ಅತ್ತೆಗೋ ಸೊಸೆಗೋ ಎಂದು ಮಂತ್ರಿಗಳಿಂದ ಹಿಡಿದು ಕಟ್ಟೆಯ ಮೇಲೆ ಕೂತವರವರೆಗೆ ಎಲ್ಲರೂ ಕಣ್ಣು ಕೆಂಪು ಮಾಡಿಕೊಂಡು ವಾದಿಸಿದರು. ಮನೆಯ ಯಜಮಾನಿಗೆ ಎಂದು ತೀರ್ಮಾನವಾಯಿತು. ಬಕೆಟ್ಟು ಅತ್ತೆಗೋ ಸೊಸೆಗೋ ಎಂದು ಆಗ ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅಲ್ಲ ಅದು, ಉತ್ತರ ಸೀಮೆಗೆಲ್ಲ ಗೊತ್ತು.

ಸರ್ಕಾರ ಮನೆ ಬಾಗಿಲಿಗೆ ಬರುವುದೇ ಇಲ್ಲ ಎಂದೂ ದೂರಲಾರೆ. ಆಶಾ ಕಾರ್ಯಕರ್ತೆ ಬರುತ್ತಾಳೆ. ಹೆಚ್ಚುಕಡಿಮೆ ಸಾವಿರ ಜನಕ್ಕೆ ಒಬ್ಬಳಂತೆ, 2005ರಿಂದ. ಬಸುರಿ, ಬಾಣಂತಿ, ಕೂಸಿನ ಲಸಿಕೆ, ಕ್ಷಯ, ಡೆಂಗಿ, ಸಮೀಕ್ಷೆ ಎಲ್ಲ ಅವಳದೇ. 30 ದಾಟಿದವರ ಮನೆಗೇ ಹೋಗಿ ಬಿಪಿ ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಮೇಲೆ ಅದೂ ಸೇರಿತು. 2025ರ ಜನವರಿಯ ಚಳಿಯಲ್ಲಿ ಇದೇ ಹೆಣ್ಣುಮಕ್ಕಳು ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ 10,000 ರೂಪಾಯಿ ಕೊಡುತ್ತೇವೆಂಬ ಮಾತನ್ನು ಸರ್ಕಾರದ ಬಾಯಿಂದ ಹೊರಡಿಸಬೇಕಾಯಿತು. ಅಂಥವಳ ಮುಂದೆ ಬಕೆಟ್ಟಿನ ಮಾತೆತ್ತಿದರೆ ನಾಲಿಗೆ ಬಿದ್ದೀತು. ಅವಳು ಅಮ್ಮನ ಬಿಪಿ ನೋಡಿ, ಫೋನಿನಲ್ಲಿ ಬರೆದುಕೊಂಡು, ನನ್ನ ಹೆಂಡತಿಯ ಮುಖ ನೋಡಿ, "ಅಕ್ಕ, ನಿಮ್ದೂ ಒಂದ್ಸಲ ನೋಡ್ಲಾ?" ಎಂದಳು. ಈ ಆರು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. 160 ಇತ್ತು.

ಪಿಂಚಣಿಯ ಕಥೆ ಬೇರೆ. ನಮ್ಮ ಬೀದಿಯ ಕೊನೆ ಮನೆಯ ಅಜ್ಜಿಗೆ ಸಂಧ್ಯಾ ಸುರಕ್ಷಾ ಬರುತ್ತದೆ, 1,200 ರೂಪಾಯಿ. ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಹತ್ತು ಡೈಪರಿನ ಕಟ್ಟಿಗೆ 400. ದಿನಕ್ಕೊಂದರಂತೆ ತಿಂಗಳಿಗೆ ಮೂರು ಕಟ್ಟು, ಲೆಕ್ಕ ಚುಕ್ತಾ. ಊಟ? ಊಟ ಇದ್ದರೆ ತಾನೆ ಎರಡನೇ ಡೈಪರಿನ ಮಾತು.

ಇನ್ನು ನೆಂಟರಿಷ್ಟರ ವಿಭಾಗ. ಇದರಲ್ಲಿ ಹುದ್ದೆಗಳು ಏಜೆನ್ಸಿಗಿಂತ ಸ್ಪಷ್ಟ.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಹಣಕಾಸು ಮತ್ತು ಕಣ್ಗಾವಲು ಅವನದು. ಅಮ್ಮನ ಕೋಣೆಗೆ ಕ್ಯಾಮೆರಾ ಹಾಕಿಸಿ, ಫೋನಿಗೆ ಜೋಡಿಸಿಕೊಂಡು ಹೋದ. ಒಂದು ದಿನ ಏಳು ಗಂಟೆಗೆ ಮಾರತಹಳ್ಳಿಯಿಂದ ಫೋನು: "ಅತ್ತಿಗೆ, ಬಕೆಟ್ ತುಂಬಿದೆ, ನೋಡಿದ್ರಾ?" ಸುಮಾರು 150 ಕಿಲೋಮೀಟರ್ ದೂರದವನಿಗೆ ಕಂಡ ಬಕೆಟ್ಟು, ಪಕ್ಕದ ಹಜಾರದಲ್ಲಿ ಪೇಪರ್ ಓದುತ್ತಿದ್ದ ನನಗೆ ಕಂಡಿರಲಿಲ್ಲ. ತಂತ್ರಜ್ಞಾನ ಎಲ್ಲಿಂದ ಎಲ್ಲಿಗೆ ಬಂತು ನೋಡಿ ಎಂದು ಹೆಮ್ಮೆಯಾಯಿತು.

ಅಕ್ಕ ತುಮಕೂರಿನಲ್ಲಿದ್ದಾಳೆ. ಗುಣಮಟ್ಟ ತಪಾಸಣೆ ಅವಳದು. ತಿಂಗಳಿಗೊಂದು ಸಲ ಮೂಸಂಬಿ ಹಿಡಿದು ಬರುತ್ತಾಳೆ, ಅಮ್ಮನ ಹಿಮ್ಮಡಿ ಎತ್ತಿ ನೋಡುತ್ತಾಳೆ, ಹಾಸಿಗೆಯ ಹೊದಿಕೆ ಮೂಸುತ್ತಾಳೆ, "ಅಮ್ಮ ಇಳಿದುಹೋಗಿದ್ದಾಳೆ" ಎಂದು ವರದಿ ಕೊಡುತ್ತಾಳೆ, ನಾಲ್ಕರ ಬಸ್ಸಿಗೆ ಹೊರಡುತ್ತಾಳೆ. ತುಮಕೂರಿನಲ್ಲಿ ಅವಳ ಅತ್ತೆಯೂ ಮಲಗಿದ್ದಾರೆ. ಅಷ್ಟರಲ್ಲಿ ಅಲ್ಲಿಗೆ ಅವಳ ನಾದಿನಿ ಮೂಸಂಬಿ ಹಿಡಿದು ಬಂದು ಅದೇ ವರದಿ ಕೊಟ್ಟು ಹೋಗಿರುತ್ತಾಳೆ.

ನಾನು? ನಾನು ಮೇಲ್ವಿಚಾರಣೆ. ಔಷಧಿ ತರುತ್ತೇನೆ, ಬಿಲ್ಲು ಜೋಡಿಸುತ್ತೇನೆ, ಬಂದವರಿಗೆ ಅಮ್ಮ ಬಿದ್ದ ಕಥೆ ಮೊದಲಿಂದ ಹೇಳುತ್ತೇನೆ. ಅಂಥ ಶ್ರಮದ ಕೆಲಸವೇನಲ್ಲ, ಆದರೆ ಬಂದವರೆಲ್ಲ ಹೊರಡುವಾಗ "ಈ ಕಾಲದಲ್ಲಿ ಇಂಥ ಮಗ ಸಿಗಬೇಕಲ್ಲ" ಎಂದು ಅಂದು ಹೋಗುತ್ತಾರೆ. ನನ್ನ ಹೆಂಡತಿ ಅವರಿಗೆ ಕಾಫಿ ಲೋಟ ಕೊಡುತ್ತ ಅದನ್ನು ಕೇಳಿಸಿಕೊಳ್ಳುತ್ತಾಳೆ.

ನಮ್ಮ ಈ ವ್ಯವಸ್ಥೆಗೆ ಒಂದು ಶಿಸ್ತು ತರಲು ಹೊರಟವನು ಮೆಲ್ಬರ್ನಿನಲ್ಲಿರುವ ನನ್ನ ಮಗ. ಆಸ್ಟ್ರೇಲಿಯಾದಲ್ಲಿ 2025ರ ನವೆಂಬರ್ 1ರಿಂದ ಹಿರಿಯರ ಆರೈಕೆಗೆ ಹೊಸ ಕಾನೂನು ಬಂದಿದೆ. ಮನೆಯಲ್ಲೇ ಇರುವ ಮುದುಕರಿಗೆ 'ಸಪೋರ್ಟ್ ಅಟ್ ಹೋಮ್' ಎಂಬ ವ್ಯವಸ್ಥೆ. ಹಿಂದೆ ನಾಲ್ಕು ಮಟ್ಟ ಇದ್ದದ್ದು ಈಗ ಎಂಟು. ಮಗ ಒಂದು ನಕ್ಷೆ ಬರೆದು ವಾಟ್ಸಾಪಿಗೆ ಕಳಿಸಿದ. ಎಲ್ಲಕ್ಕಿಂತ ಮೇಲೆ ರಿಜಿಸ್ಟರ್ಡ್ ಪ್ರೊವೈಡರ್, ಅಂದರೆ ಸರ್ಕಾರದಲ್ಲಿ ಹೆಸರು ಬರೆಸಿ ಹೊಣೆ ಹೊತ್ತವನು. ಅವನ ಕೆಳಗೆ ಅಸೋಸಿಯೇಟೆಡ್ ಪ್ರೊವೈಡರ್, ಹೊಣೆ ಹೊತ್ತವನಿಂದ ಕೆಲಸ ಗುತ್ತಿಗೆ ಹಿಡಿದವನು. ಪಕ್ಕದಲ್ಲಿ ಕೇರ್ ಪಾರ್ಟ್‌ನರ್, ಯಾವ ಕೆಲಸ ಯಾರು ಯಾವಾಗ ಎಂದು ಮುದುಕರ ಜೊತೆ ಕೂತು ಗೊತ್ತುಮಾಡುವವರು. ಈ ಏರ್ಪಾಟಿಗೆಂದೇ ಬಜೆಟ್ಟಿನಲ್ಲಿ ನೂರಕ್ಕೆ ಹತ್ತು ತೆಗೆದಿಡುತ್ತಾರಂತೆ. ಕೊನೆಯಲ್ಲಿ ಕೆಲಸಗಾರರು.

"ಇದರಲ್ಲಿ ಮುಖ್ಯ ಏನು ಗೊತ್ತಾ ಅಪ್ಪ?" ಎಂದ. "ಕೆಳಗಿನವರು ಯಾರು ಎಡವಿದರೂ ಕಾನೂನು ಹಿಡಿಯೋದು ಮೇಲಿನವನನ್ನೇ. ನಾನು ಬರೀ ಮಧ್ಯವರ್ತಿ ಅನ್ನೋ ಹಾಗಿಲ್ಲ."

ಅಲ್ಲಿಯವರು ಹುಟ್ಟಾ ಸಾಧುಗಳು ಎಂದೇನೂ ಅಲ್ಲ. ಅವರ ವೃದ್ಧರ ಆರೈಕೆಯ ಅವಸ್ಥೆ ನೋಡಿ 2018ರಲ್ಲಿ ರಾಯಲ್ ಕಮಿಷನ್ ಕೂರಿಸಬೇಕಾಯಿತು. 2019ರಲ್ಲಿ ಅದರ ಮಧ್ಯಂತರ ವರದಿ ಬಂದಾಗ ಶೀರ್ಷಿಕೆ ಒಂದೇ ಪದ: ನಿರ್ಲಕ್ಷ್ಯ. ನಮ್ಮಲ್ಲಿ ಅಂಥ ಹೆಸರಿಟ್ಟ ವರದಿ ಬಂದಿಲ್ಲ. ಬೈದುಕೊಳ್ಳಲಿಕ್ಕೂ ಒಬ್ಬ ಹೊಣೆಗಾರ ಬೇಕಲ್ಲ.

ಮಗ ಅದೇ ನಕ್ಷೆಯನ್ನು ನಮ್ಮ ಮನೆಗೆ ಹೊಂದಿಸಲು ಕೂತ. ವೀಡಿಯೊ ಕರೆ, ಭಾನುವಾರ, ಮುಕ್ಕಾಲು ಗಂಟೆ. ಏಜೆನ್ಸಿ ರಿಜಿಸ್ಟರ್ಡ್ ಪ್ರೊವೈಡರ್, ರಿಜಿಸ್ಟರು ಇಲ್ಲ ಅಷ್ಟೆ. ಫಿಸಿಯೊ ಅಸೋಸಿಯೇಟೆಡ್. "ಅಪ್ಪ, ನೀನು ಕೇರ್ ಪಾರ್ಟ್‌ನರ್." ನನಗೆ ಪದವಿ ಹಿಡಿಸಿತು. ಚಿಕ್ಕಪ್ಪ ಹಣಕಾಸು, ಅತ್ತೆ ತಪಾಸಣೆ. ಎಲ್ಲ ಮನೆಗಳೂ ತುಂಬಿದವು.

"ನಿಮ್ಮಮ್ಮ ಎಲ್ಲಿ ಬರ್ತಾಳೆ?" ಎಂದೆ.

ಪರದೆಯ ಮೇಲೆ ಅವನ ಮುಖ ಕೊಂಚ ಹೊತ್ತು ನಿಂತುಹೋಯಿತು. ನೆಟ್‌ವರ್ಕ್ ಇರಬೇಕು ಎಂದುಕೊಂಡೆ. "ಅಮ್ಮ ಪ್ರೊವೈಡರ್ ಅಲ್ಲ ಅಪ್ಪ. ಅಮ್ಮ ಇನ್‌ಫಾರ್ಮಲ್ ಕೇರರ್. ಇಲ್ಲಿ ಅಂಥವರಿಗೆ ಸರ್ಕಾರ ಬೇರೆ ಭತ್ಯೆ ಕೊಡುತ್ತೆ" ಎಂದ. ಅಡುಗೆಮನೆಯಿಂದ ನನ್ನವಳು ಕೇಳಿಸಿಕೊಂಡಳು. "ಏನಂತೆ ನಾನು?" ಎಂದಳು. 'ಅನೌಪಚಾರಿಕ' ಎಂದು ಅನುವಾದಿಸಿದೆ. "ಬರೀ ಉಪಚಾರ ಮಾಡೋಳಿಗೆ ಅನೌಪಚಾರಿಕ ಅಂತೀರಾ, ಚೆನ್ನಾಗಿದೆ ನಿಮ್ ಕನ್ನಡ" ಎಂದಳು. ಮೂವತ್ತು ವರ್ಷದ ಸರ್ವೀಸಿನಲ್ಲಿ ನನ್ನ ತರಗತಿಯಲ್ಲಿ ಯಾರೂ ಅಷ್ಟು ಚೆನ್ನಾಗಿ ಉಪಸರ್ಗ ಬಿಡಿಸಿರಲಿಲ್ಲ.

ಕೆಲಸ ಹಂಚುವ ವಿದ್ಯೆಗೆ ಮೆಲ್ಬರ್ನಿನವರೆಗೆ ಯಾಕೆ ಹೋಗಬೇಕು? ನಮ್ಮ ತಾಲ್ಲೂಕಿನ ಬೆಟ್ಟದ ಮೇಲೆಯೇ ಇತ್ತು ಅದು. ಶ್ರವಣಬೆಳಗೊಳ ಎಂದ ಕೂಡಲೆ ಎಲ್ಲರೂ ದೊಡ್ಡಬೆಟ್ಟ ಹತ್ತಿ 58 ಅಡಿಯ ಗೊಮ್ಮಟನನ್ನು ನೋಡಿ, ಎದುರಿಗೆ ನಿಂತ ಗುಳ್ಳಕಾಯಜ್ಜಿಗೆ ಕೈಮುಗಿದು ಇಳಿಯುತ್ತಾರೆ. ಜಿಲ್ಲೆಯಲ್ಲೇ ಅತ್ಯಂತ ಮರ್ಯಾದೆ ಪಡೆದ ಮುದುಕಿ ಅವಳು. ಅವಳೂ ಕೈಯಲ್ಲಿ ಹಾಲು ಹಿಡಿದು ಕೆಲಸಕ್ಕೇ ನಿಂತಿದ್ದಾಳೆ ಎಂಬುದನ್ನು ಗಮನಿಸಿ, ಮಲಗಿದ ಅಜ್ಜಿಗೆ ನಾವು ಶಿಲ್ಪ ಕಡೆದವರಲ್ಲ. ಆದರೆ ನಾನು ಹೇಳಹೊರಟದ್ದು ಎದುರಿನ ಚಿಕ್ಕಬೆಟ್ಟದ ವಿಷಯ. ಸಲ್ಲೇಖನ ವ್ರತ ಹಿಡಿದು ಕೊನೆಯುಸಿರೆಳೆದ ಮುನಿಗಳ, ಕಂತಿಯರ ಶಾಸನಗಳು ಏಳನೆಯ ಶತಮಾನದಿಂದಲೂ ಅಲ್ಲಿನ ಬಂಡೆಯ ಮೇಲಿವೆ. ವ್ರತದ ಬಗ್ಗೆ ಹಾಸ್ಯ ಮಾಡುವ ಯೋಗ್ಯತೆ ನನಗಿಲ್ಲ. ಮಲಗಿದವರ ಸುತ್ತ ನಿಂತವರ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಬೇರು ಇರುವುದು ಶಿವಾರ್ಯನ ಭಗವತೀ ಆರಾಧನೆ ಎಂಬ ಪ್ರಾಕೃತ ಗ್ರಂಥದಲ್ಲಿ. ಅದರ ಪ್ರಕಾರ ವ್ರತ ಹಿಡಿದು ಮಲಗಿದವನು ಕ್ಷಪಕ, ಅವನನ್ನು ನೋಡಿಕೊಳ್ಳುವ ಮುನಿಗಳು ನಿರ್ಯಾಪಕರು. ಎಷ್ಟು ಜನ? 48. ನಾಲ್ಕು ನಾಲ್ಕು ಜನರ ಹನ್ನೆರಡು ತಂಡ. ಎತ್ತಿ ಕೂರಿಸಲು, ಮಗ್ಗುಲು ಬದಲಿಸಲು, ಮೈಕೈ ಒತ್ತಲು ನಾಲ್ವರು. ಧರ್ಮದ ಮಾತು ಹೇಳಲು ನಾಲ್ವರು. ಆಹಾರ ತರಲು ನಾಲ್ವರು, ನೀರು ತರಲು ಬೇರೆ ನಾಲ್ವರು, ತಂದದ್ದನ್ನು ಕಾಯಲು ಮತ್ತೆ ನಾಲ್ವರು. ರಾತ್ರಿ ಎಚ್ಚರವಿರಲು ನಾಲ್ವರು. ಬಾಗಿಲಲ್ಲಿ ನಾಲ್ವರು, ಬಂದವರು ಒಳನುಗ್ಗಿ ಮಲಗಿದವನ ಜೀವ ತಿನ್ನಬಾರದೆಂದು. (ನಮ್ಮ ಮನೆಗೆ ಮೊದಲು ಬೇಕಾಗಿರುವುದು ಈ ತಂಡ.) ದೇಶದ ಆಗುಹೋಗು ಗಮನಿಸಲು ಕೂಡ ನಾಲ್ವರಿದ್ದಾರೆ, ಆ ಹುದ್ದೆಯನ್ನು ಪೇಪರ್ ಓದುತ್ತ ನಾನೊಬ್ಬನೇ ನಿಭಾಯಿಸುತ್ತಿದ್ದೇನೆ.

ಮತ್ತೆ ಮಲಮೂತ್ರ ತೆಗೆದು, ಜಾಗ ಶುಚಿ ಮಾಡಲು ನಾಲ್ವರು. ಮುನಿಗಳೇ, ಆಳುಗಳಲ್ಲ. ಶಾಸ್ತ್ರ ಓದಿದವರೇ. ನಮ್ಮದಲ್ಲ ಅದು, ಜಿಎನ್‌ಎಂ ನಾವು ಎಂದು ಅವರು ಹೇಳಿದ ದಾಖಲೆ ಇಲ್ಲ. ಸಂಸಾರ ಬಿಟ್ಟು ಬಂದವರು ಬಕೆಟ್ಟು ಬಿಡಲಿಲ್ಲ. ಸಂಸಾರದಲ್ಲಿ ಕುತ್ತಿಗೆಮಟ್ಟ ಮುಳುಗಿರುವ ನಾನು ಅದೊಂದನ್ನು ಬಿಟ್ಟಿದ್ದೆ.

ಕಾಲ ಕೆಟ್ಟು 48 ಜನ ಸಿಗದಿದ್ದರೆ ಏನು ಗತಿ? ಗ್ರಂಥಕರ್ತ ಅದನ್ನೂ ಯೋಚಿಸಿದ್ದಾನೆ. ನಾಲ್ಕು ನಾಲ್ಕಾಗಿ ಇಳಿಸುತ್ತ ಬನ್ನಿ, ಕೊನೆಗೆ ಇಬ್ಬರಾದರೂ ಇರಲೇಬೇಕು. ಒಬ್ಬನೇ ನಿರ್ಯಾಪಕ ಕೂಡದು. ಒಬ್ಬನೇ ಆದರೆ ಅವನು ಉಣ್ಣಲು ಎದ್ದಾಗ ಮಲಗಿದವನ ಕೈಬಿಟ್ಟಂತೆ, ಏಳದೆ ಕೂತರೆ ತನ್ನ ಕೈ ತಾನೇ ಬಿಟ್ಟಂತೆ. ಆಸ್ಟ್ರೇಲಿಯಾದ ಕಮಿಷನ್ನಿಗೆ ಎರಡೂವರೆ ವರ್ಷ ಹಿಡಿದ ತಿಳಿವಳಿಕೆ ಸಾವಿರ ವರ್ಷ ಹಿಂದೆಯೇ ನಮ್ಮಿಂದ 13 ಕಿಲೋಮೀಟರಿನಲ್ಲಿತ್ತು. ನಾನು ವಡ್ಡಾರಾಧನೆ ಪಾಠ ಮಾಡಿದ್ದೇನೆ. ಪರೀಕ್ಷೆಗೆ ಬಾರದ ಭಾಗ ಇದು.

ಈ ಜ್ಞಾನೋದಯವನ್ನು ಮನೆಯಲ್ಲಿ ಹೇಳೋಣವೆಂದು ಒಳಗೆ ಹೋದರೆ ಹೆಂಡತಿ ಬ್ಯಾಗು ತುಂಬುತ್ತಿದ್ದಳು. ಹೊಳೆನರಸೀಪುರದಲ್ಲಿ ಅವಳ ತಾಯಿ ಇದ್ದಾರೆ, 79. ಅವರನ್ನು ನೋಡಿಕೊಳ್ಳುವುದು ಅವಳ ತಮ್ಮನ ಹೆಂಡತಿ. ಆ ಹೆಣ್ಣುಮಗಳ ತಂದೆಗೆ ಅರಕಲಗೂಡಿನಲ್ಲಿ ಲಕ್ವ ಹೊಡೆದಿತ್ತು, ಅವಳು ಅಲ್ಲಿಗೆ ಓಡಿದ್ದಳು. ಅಲ್ಲಿ ಇದ್ದ ಸೊಸೆ ಹೆರಿಗೆಗೆ ಹೋಗಿದ್ದಳಂತೆ. ಜಿಲ್ಲೆಯ ವ್ಯವಸ್ಥೆ ನನಗೆ ಅವತ್ತು ಕಣ್ಣಿಗೆ ಕಟ್ಟಿತು. ಪ್ರತಿಯೊಬ್ಬಳೂ ಇನ್ನೊಬ್ಬಳ ತಾಯಿಯ ಬಕೆಟ್ಟು ಹಿಡಿದಿದ್ದಾಳೆ, ಅವಳ ತಾಯಿಯದನ್ನು ಮತ್ತೊಬ್ಬಳು ಹಿಡಿದಿದ್ದಾಳೆ. ಒಬ್ಬಳು ಕೈ ಬದಲಿಸಿದರೆ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಬಕೆಟ್ಟು ತುಳುಕುತ್ತದೆ.

"ಸೋಮವಾರ ಬತ್ತೀನಿ" ಎಂದಳು. "ಮೇಲ್ವಿಚಾರಣೆ ಚೆನ್ನಾಗಿ ಮಾಡಿ."

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಕೋಣೆಯಲ್ಲಿ ಸಭೆ ಕರೆದೆ. ಸಿಸ್ಟರ್, ಅಟೆಂಡರ್, ಮನೆಕೆಲಸದಾಕೆ, ಫಿಸಿಯೊ. ನಿರ್ಯಾಪಕರ ವಿಷಯ ವಿವರವಾಗಿ ತಿಳಿಸಿದೆ. ಎಲ್ಲರೂ ತಲೆದೂಗಿದರು. ಸಿಸ್ಟರ್, "ತುಂಬಾ ಚೆನ್ನಾಗಿದೆ ಸರ್, ಆ ನಾಲ್ಕು ಜನ ಯಾವ ಏಜೆನ್ಸಿಯವರು?" ಎಂದರು. ಫಿಸಿಯೊ ಅರ್ಧ ಅಡಿ ಸರಿಸಿ ತನ್ನ ಕೆಲಸ ಮುಗಿಸಿ ಹೋದ. ಒಬ್ಬೊಬ್ಬರಾಗಿ ತಮ್ಮ ತಮ್ಮ ಪಾತ್ರಕ್ಕೆ ಮರಳಿದರು.

ನಾನು ಪಂಚೆ ಎತ್ತಿ ಕಟ್ಟಿ ಬಗ್ಗಿದೆ. ಹಿಡಿಕೆ ಹಿಡಿದೆ. ಇಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ತುಳುಕಬಾರದೆಂದು ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಮುಖ ತಿರುಗಿಸಿದರೆ ದಾರಿ ಕಾಣುವುದಿಲ್ಲ, ತಿರುಗಿಸದಿದ್ದರೆ ಉಸಿರು ಕಟ್ಟುತ್ತದೆ. ಐದನೇ ಅಡಿಯಲ್ಲಿದ್ದಾಗ ಜೇಬಿನ ಫೋನು ಹೊಡೆದುಕೊಂಡಿತು. ಬಕೆಟ್ಟು ಕೆಳಗಿಟ್ಟು ತೆಗೆದೆ. ಮಾರತಹಳ್ಳಿ.

"ಅಣ್ಣ, ನೀನ್ಯಾಕೆ ಹಿಡ್ಕೊಂಡಿದ್ದೀಯ? ಅತ್ತಿಗೆ ಎಲ್ಲಿ?"

ಮುಗಿಸಿ, ಕೈ ತೊಳೆದು ಬಂದೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಮಾತಾಡಿದಳು.

"ಗಂಡಸರು ಮಾಡೋ ಕೆಲ್ಸ ಅಲ್ಲ ಮಗ ಅದು. ಅವಳು ಯಾವತ್ತು ಬತ್ತಾಳೆ?"

"ಸೋಮವಾರ ಅಮ್ಮ."

"ಇವತ್ತು?"

"ಶನಿವಾರ."

ಹೊದಿಕೆಯೊಳಗೆ ಬೆರಳು ಮಡಿಸಿ ಎಣಿಸಿದಳು.

"ಹಂಗಾದ್ರೆ ಅಲ್ಲೀಗಂಟ ನಂಗೆ ಮುದ್ದೆ ಬ್ಯಾಡ. ನೀರೂ ಒಂಚೂರು ಕಮ್ಮೀನೇ ಕೊಡು."